ಕೃತಕ ಬುದ್ಧಿಮತ್ತೆ: ಹೆಸರು ಒಂದು, ಬಗೆ ಹಲವು

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಕೃತಕ ಬುದ್ಧಿಮತ್ತೆಯ ವಿಧಗಳು’ ಎಂಬ ವಿಷಯವನ್ನು ಸಂಘಟಕರು ನನಗೆ ಕೊಟ್ಟಿದ್ದಾರೆ. ಇಂದು ಈ ಶಬ್ದವನ್ನು ಕೇಳದವರಿಲ್ಲ. ಇದರಿಂದ ಎಲ್ಲರ ಉದ್ಯೋಗವೂ ಹೋಗುತ್ತದೆ ಎಂದು ಕೆಲವರು ಹೆದರುತ್ತಾರೆ. ಇನ್ನು ಮುಂದೆ ಕಷ್ಟಪಟ್ಟು ಓದುವ ಅಗತ್ಯವೇ ಇಲ್ಲ, ಮೊಬೈಲನ್ನು ಕೇಳಿದರೆ ಉತ್ತರ ಬರುತ್ತದೆ ಎಂದು ಇನ್ನು ಕೆಲವರು ಸಂತೋಷಪಡುತ್ತಾರೆ. ಹೆದರುವವರೂ ಸಂತೋಷಪಡುವವರೂ ಇದನ್ನು ಒಂದೇ ಒಂದು ವಸ್ತು ಎಂದು ಭಾವಿಸಿದ್ದಾರೆ. ಆದರೆ ಕೃತಕ ಬುದ್ಧಿಮತ್ತೆ ಎಂಬುದು ‘ವಾಹನ’ ಎಂಬ ಶಬ್ದದ ಹಾಗೆ. ಎತ್ತಿನ ಗಾಡಿಯೂ ವಾಹನ, ಹಡಗೂ ವಾಹನ, ವಿಮಾನವೂ ವಾಹನ. ‘ವಾಹನ ಅಪಾಯಕಾರಿಯೇ?’ ಎಂದು ಯಾರಾದರೂ ಕೇಳಿದರೆ, ‘ಯಾವ ವಾಹನ?’ ಎಂದು ನಾವು ಮರುಪ್ರಶ್ನೆ ಹಾಕಬೇಕಾಗುತ್ತದೆ. ಈ ವಿಷಯದಲ್ಲೂ ಹಾಗೆಯೇ. ಇಂದು ನೀವು ಇಲ್ಲಿಂದ ಹೋಗುವಾಗ ‘ಇದು ಯಾವ ಬಗೆಯದು? ಇದಕ್ಕೆ ತಿಳಿವಳಿಕೆ ಎಲ್ಲಿಂದ ಬಂತು?’ ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಕೊಂಡೊಯ್ದರೆ ನನ್ನ ಮಾತು ಸಾರ್ಥಕ.

ಹೆಸರು ಬಂದ ಬಗೆ

1950ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಲೇಖನ ಬರೆದರು. ಯಂತ್ರಗಳು ಯೋಚಿಸಬಲ್ಲವೇ ಎಂಬುದು ಅದರ ಪ್ರಶ್ನೆ. ಆರು ವರ್ಷಗಳ ನಂತರ, 1956ರ ಬೇಸಿಗೆಯಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಲವು ವಿಜ್ಞಾನಿಗಳು ಸೇರಿ ಇದೇ ವಿಷಯವನ್ನು ಚರ್ಚಿಸಿದರು. ಆ ಸಭೆಯ ಪ್ರಸ್ತಾವನೆಯಲ್ಲಿ ಜಾನ್ ಮೆಕಾರ್ಥಿ ಮತ್ತು ಅವರ ಸಂಗಡಿಗರು ಬಳಸಿದ ಹೆಸರೇ ಇಂದಿಗೂ ಉಳಿದುಕೊಂಡಿದೆ.

ಹೆಸರು ಹೊಸದು, ಬೇರು ಹಳೆಯದು. ಗಣಕಯಂತ್ರಕ್ಕೆ ಕೊಡುವ ಹಂತ ಹಂತದ ಸೂಚನೆಗಳಿಗೆ ‘ಅಲ್ಗಾರಿದಮ್’ ಎನ್ನುತ್ತಾರೆ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖವಾರಿಝ್ಮಿಯವರ ಹೆಸರು ಲ್ಯಾಟಿನ್ ಭಾಷೆಗೆ ಹೋಗಿ ಈ ರೂಪ ಪಡೆಯಿತು. ‘ಆಲ್ಜೀಬ್ರ’ ಎಂಬ ಶಬ್ದವೂ ಅವರ ಗ್ರಂಥದ ಹೆಸರಿನಲ್ಲಿರುವ ‘ಅಲ್ ಜಬ್ರ್’ ಎಂಬುದರಿಂದಲೇ ಬಂತು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮದ ಬಗ್ಗೆಯೂ ಅವರು ಪುಸ್ತಕ ಬರೆದಿದ್ದರು. ಹೆಮ್ಮೆಪಟ್ಟು ಸುಮ್ಮನಾಗಲಿ ಎಂದು ಇದನ್ನು ಹೇಳುತ್ತಿಲ್ಲ. ವಿದ್ಯೆ ಒಂದು ಭಾಷೆಯಿಂದ ಇನ್ನೊಂದಕ್ಕೆ, ಒಂದು ನಾಡಿನಿಂದ ಇನ್ನೊಂದಕ್ಕೆ ದಾಟಿ ಬೆಳೆಯುತ್ತದೆ. ಕಲಿತು, ಬರೆದಿಟ್ಟವರ ಹೆಸರು ಅದರೊಂದಿಗೆ ಉಳಿಯುತ್ತದೆ.

ಸಾಮರ್ಥ್ಯದ ದೃಷ್ಟಿಯಿಂದ ಮೂರು ವಿಧ

ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೂರು ವಿಧಗಳನ್ನು ಹೇಳುತ್ತಾರೆ. ಮೊದಲನೆಯದು ಸೀಮಿತ ಬುದ್ಧಿಮತ್ತೆ. ಇದು ನಿಗದಿತ ಕೆಲಸವನ್ನು ಮಾತ್ರ ಮಾಡುತ್ತದೆ. ಚದುರಂಗ ಆಡುವ ಯಂತ್ರಕ್ಕೆ ದಾರಿ ತೋರಿಸಲು ಬಾರದು. ದಾರಿ ತೋರಿಸುವ ನಕ್ಷೆಗೆ ಎಕ್ಸ್-ರೇ ನೋಡಲು ಬಾರದು. ಎರಡನೆಯದು ಸಾರ್ವತ್ರಿಕ ಬುದ್ಧಿಮತ್ತೆ. ಮನುಷ್ಯನಂತೆ ಯಾವ ಹೊಸ ಕೆಲಸವನ್ನಾದರೂ ಕಲಿತು ಮಾಡಬಲ್ಲದ್ದು. ಮೂರನೆಯದು ಎಲ್ಲದರಲ್ಲೂ ಮನುಷ್ಯನನ್ನು ಮೀರಿಸುವ ಅತಿಬುದ್ಧಿಮತ್ತೆ.

ಈ ಮೂರನೆಯದು ಇಂದಿಗೂ ಕಲ್ಪನೆ ಮಾತ್ರ. ಎರಡನೆಯದರ ಬಗ್ಗೆ ವಿಜ್ಞಾನಿಗಳಲ್ಲೇ ತೀವ್ರ ಭಿನ್ನಾಭಿಪ್ರಾಯವಿದೆ. ಈಗಿನ ಸಂಭಾಷಣಾ ಯಂತ್ರಗಳು ಹಲವು ಬಗೆಯ ಕೆಲಸ ಮಾಡುವುದರಿಂದ ನಾವು ಅದರ ಹತ್ತಿರ ಬಂದಿದ್ದೇವೆ ಎಂದು ಕೆಲವರು ಹೇಳಿದರೆ, ಇನ್ನೂ ಬಹಳ ದೂರವಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಸಿನಿಮಾಗಳು ಹೆದರಿಸುವುದು ಮೂರನೆಯದನ್ನು ತೋರಿಸಿ. ನಮ್ಮ ಬದುಕನ್ನು ದಿನನಿತ್ಯ ಮುಟ್ಟುತ್ತಿರುವುದು ಮಾತ್ರ ಮೊದಲನೆಯದು ಮತ್ತು ಅದರಿಂದ ಬೆಳೆದು ಬಂದ ಯಂತ್ರಗಳು. ಆದ್ದರಿಂದ ನಮಗೆ ಹೆಚ್ಚು ಉಪಯೋಗವಾಗುವುದು ಇನ್ನೊಂದು ವಿಂಗಡಣೆ. ಅದು ಯಂತ್ರಕ್ಕೆ ತಿಳಿವಳಿಕೆ ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ.

ನಿಯಮಗಳಿಂದ ನಡೆಯುವ ಯಂತ್ರ

ಅಡಿಕೆ ಸುಲಿದು ವಿಂಗಡಿಸುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಪಟೋರ, ಉಳ್ಳಿ, ಕರಿಗೋಟು ಎಂದು ಕೈಗಳು ಸರಸರನೆ ಬೇರ್ಪಡಿಸುತ್ತಾ ಹೋಗುತ್ತವೆ. ಈ ಕೆಲಸವನ್ನು ಯಂತ್ರಕ್ಕೆ ಕಲಿಸುವುದು ಹೇಗೆ? ಮೊದಲ ದಾರಿ, ಬಲ್ಲವರನ್ನು ಕೇಳಿ ನಿಯಮಗಳನ್ನು ಬರೆಯುವುದು. ‘ಬಣ್ಣ ಇಷ್ಟು ಕಪ್ಪಾಗಿದ್ದರೆ ಕರಿಗೋಟು, ಇಷ್ಟು ಬಿರುಕು ಇದ್ದರೆ ಪಟೋರ’ ಹೀಗೆ.

1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ‘ಮೈಸಿನ್’ ಎಂಬ ತಂತ್ರಾಂಶವನ್ನು ಹೀಗೆಯೇ ತಯಾರಿಸಿದರು. ರಕ್ತದ ಸೋಂಕಿಗೆ ಕಾರಣವಾದ ಬ್ಯಾಕ್ಟೀರಿಯಾ ಯಾವುದು, ಯಾವ ಔಷಧ ಎಷ್ಟು ಕೊಡಬೇಕು ಎಂದು ಅದು ಸಲಹೆ ನೀಡುತ್ತಿತ್ತು. ವೈದ್ಯರಿಂದ ಸಂಗ್ರಹಿಸಿದ ಸುಮಾರು 600 ನಿಯಮಗಳು ಅದರಲ್ಲಿದ್ದವು. ಪರೀಕ್ಷಿಸಿ ನೋಡಿದಾಗ ಅದರ ಸಲಹೆ ತಜ್ಞ ವೈದ್ಯರ ಸಲಹೆಗೆ ಸರಿಸಮನಾಗಿತ್ತು. ಆದರೂ ಅದು ಆಸ್ಪತ್ರೆಗಳ ದೈನಂದಿನ ಬಳಕೆಗೆ ಬರಲಿಲ್ಲ. ತಪ್ಪಾದರೆ ಹೊಣೆ ಯಾರದು ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಅದು ಇಂದಿಗೂ ತೀರಿಲ್ಲ.

1997ರ ಮೇ ತಿಂಗಳಿನಲ್ಲಿ ವಿಶ್ವ ಚೆಸ್ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂ ಸಂಸ್ಥೆಯ ‘ಡೀಪ್ ಬ್ಲೂ’ ಕೂಡ ಈ ವರ್ಗಕ್ಕೇ ಸೇರುತ್ತದೆ. ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಎಣಿಸಿ ನೋಡುತ್ತಿತ್ತು. ಆದರೆ ಯಾವುದು ಒಳ್ಳೆಯ ಸ್ಥಿತಿ ಎಂಬ ಅಳತೆಗೋಲನ್ನು ರೂಪಿಸಿಕೊಟ್ಟವರು ಮನುಷ್ಯರು.

ಈ ಬಗೆಯ ಯಂತ್ರದ ದೊಡ್ಡ ಗುಣವೆಂದರೆ, ‘ಈ ನಿರ್ಧಾರಕ್ಕೆ ಏಕೆ ಬಂದೆ?’ ಎಂದು ಕೇಳಿದರೆ ಇಂಥ ನಿಯಮದಿಂದ ಎಂದು ತೋರಿಸಬಲ್ಲದು. ದೋಷವೆಂದರೆ, ನಿಯಮ ಬರೆಯದ ಸಂದರ್ಭ ಎದುರಾದರೆ ಅದು ಕಕ್ಕಾಬಿಕ್ಕಿ. ಅಡಿಕೆ ವಿಂಗಡಿಸುವ ತಾಯಂದಿರನ್ನು ‘ಇದು ಏಕೆ ಪಟೋರ?’ ಎಂದು ಕೇಳಿ ನೋಡಿ. ‘ನೋಡಿದರೆ ಗೊತ್ತಾಗುತ್ತದೆ’ ಎಂದಾರು. ಅವರಿಗೆ ತಿಳಿದಿದೆ, ಆದರೆ ನಿಯಮವಾಗಿ ಹೇಳಲು ಬರುವುದಿಲ್ಲ. ಮನುಷ್ಯನ ತಿಳಿವಳಿಕೆಯ ಬಹುಪಾಲು ಹೀಗೆಯೇ ಇದೆ. ನಿಯಮದ ಯಂತ್ರಗಳು ಸೋತದ್ದು ಇಲ್ಲೇ.

ಉದಾಹರಣೆಗಳಿಂದ ಕಲಿಯುವ ಯಂತ್ರ

ಎರಡನೆಯ ದಾರಿ ಬೇರೆ. ನಿಯಮ ಬರೆಯಬೇಡಿ. ಸಾವಿರಾರು ಅಡಿಕೆಗಳ ಚಿತ್ರ ತೆಗೆದು, ಪ್ರತಿಯೊಂದರ ಮೇಲೂ ‘ಇದು ಪಟೋರ, ಇದು ಉಳ್ಳಿ’ ಎಂದು ಹೆಸರು ಬರೆದು ಯಂತ್ರಕ್ಕೆ ಕೊಡಿ. ಯಂತ್ರ ಮೊದಲು ಊಹೆ ಮಾಡುತ್ತದೆ. ತಪ್ಪಾದಾಗ ತನ್ನೊಳಗಿನ ಲಕ್ಷಾಂತರ ಸಂಖ್ಯೆಗಳನ್ನು ಸ್ವಲ್ಪ ಸ್ವಲ್ಪವೇ ತಿದ್ದಿಕೊಳ್ಳುತ್ತದೆ. ಹೀಗೆ ತಿದ್ದುತ್ತಾ ತಿದ್ದುತ್ತಾ ತಪ್ಪು ಕಡಿಮೆಯಾಗುತ್ತದೆ. ಇದಕ್ಕೆ ಯಂತ್ರಕಲಿಕೆ ಎನ್ನುತ್ತಾರೆ. ಇದರಲ್ಲಿ ಮೂರು ಒಳಭೇದಗಳಿವೆ. ಹೆಸರು ಬರೆದ ಉದಾಹರಣೆಗಳಿಂದ ಕಲಿಯುವುದು ಒಂದು. ಹೆಸರನ್ನೇ ಕೊಡದೆ, ಹೋಲುವುದನ್ನೆಲ್ಲ ತಾನೇ ಗುಂಪು ಮಾಡುವುದು ಇನ್ನೊಂದು. ಮಾಡಿ ನೋಡಿ, ಗೆದ್ದರೆ ಬಹುಮಾನ, ಸೋತರೆ ದಂಡ ಎಂಬ ರೀತಿಯಲ್ಲಿ ಕಲಿಯುವುದು ಮೂರನೆಯದು.

ಮೂರನೆಯದಕ್ಕೆ ಪ್ರಸಿದ್ಧ ಉದಾಹರಣೆ ‘ಆಲ್ಫಾಗೋ’. ‘ಗೋ’ ಎಂಬ ಆಟ ಚದುರಂಗಕ್ಕಿಂತಲೂ ಜಟಿಲವಾದದ್ದು. 2016ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ಈ ತಂತ್ರಾಂಶ ಮಹಾನ್ ಆಟಗಾರ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. ಅದು ಮನುಷ್ಯರ ಆಟಗಳನ್ನು ನೋಡಿ, ನಂತರ ತನ್ನೊಂದಿಗೇ ಆಡಿ ಕಲಿತಿತ್ತು. 2017ರಲ್ಲಿ ಬಂದ ಅದರ ಮುಂದಿನ ರೂಪ ಮನುಷ್ಯರ ಒಂದು ಆಟವನ್ನೂ ನೋಡದೆ, ಆಟದ ನಿಯಮಗಳನ್ನಷ್ಟೇ ತಿಳಿದು, ತನ್ನೊಂದಿಗೇ ಆಡಿ ಕಲಿತು, ಲೀ ಅವರನ್ನು ಸೋಲಿಸಿದ ರೂಪವನ್ನು ನೂರಕ್ಕೆ ನೂರು ಆಟಗಳಲ್ಲಿ ಸೋಲಿಸಿತು.

ಉದಾಹರಣೆಗಳಿಂದ ಕಲಿಯುವ ಈ ದಾರಿಯಲ್ಲಿ ಬಹಳ ಮುಖ್ಯವಾದದ್ದು ನರಜಾಲ. ಮೆದುಳಿನ ನರಕೋಶಗಳ ಜೋಡಣೆಯಿಂದ ಸ್ಫೂರ್ತಿ ಪಡೆದ ಲೆಕ್ಕಾಚಾರದ ವಿಧಾನ ಇದು. 1958ರಲ್ಲೇ ಫ್ರಾಂಕ್ ರೋಸೆನ್‌ಬ್ಲಾಟ್ ಇದರ ಆರಂಭಿಕ ರೂಪವೊಂದನ್ನು ತೋರಿಸಿದ್ದರು. ಆದರೆ 1970ರ ಹೊತ್ತಿಗೆ ಇದು ಪ್ರಯೋಜನವಿಲ್ಲದ ದಾರಿ ಎಂದು ಬಹುತೇಕ ವಿದ್ವಾಂಸರು ಕೈಬಿಟ್ಟರು. ಜೆಫ್ರಿ ಹಿಂಟನ್ ಅವರಂಥ ಕೆಲವರು ಮಾತ್ರ ಪಟ್ಟು ಬಿಡದೆ ದಶಕಗಳ ಕಾಲ ದುಡಿದರು. 2012ರಲ್ಲಿ ಹಿಂಟನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳ ನರಜಾಲವು ಚಿತ್ರ ಗುರುತಿಸುವ ಜಾಗತಿಕ ಸ್ಪರ್ಧೆಯಲ್ಲಿ ಗೆದ್ದಿತು. ಎರಡನೆಯ ಸ್ಥಾನದವರ ತಪ್ಪು ಶೇಕಡಾ 26ರಷ್ಟಿದ್ದರೆ ಇವರದು ಸುಮಾರು 15. ಸುಮಾರು 12 ಲಕ್ಷ ಚಿತ್ರಗಳಿಂದ ಅದು ಕಲಿತಿತ್ತು. ಅಂದಿನಿಂದ ಜಗತ್ತೇ ಈ ಕಡೆ ತಿರುಗಿತು. 2024ರಲ್ಲಿ ಹಿಂಟನ್ ಅವರಿಗೆ ಜಾನ್ ಹಾಪ್‌ಫೀಲ್ಡ್ ಅವರೊಂದಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಒಂದೆರಡು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ದಾರಿ ಬದಲಿಸುವ ನಮ್ಮ ಮಕ್ಕಳು ಈ ಕಥೆಯನ್ನು ನೆನಪಿಡಬೇಕು.

ಈ ಬಗೆಯ ಯಂತ್ರದ ದೋಷ ಏನು? ಅದು ನೋಡಿದ ಉದಾಹರಣೆ ಹೇಗಿದೆಯೋ ಅದರ ತೀರ್ಪೂ ಹಾಗೆಯೇ ಇರುತ್ತದೆ. ಅಮೆಜಾನ್ ಸಂಸ್ಥೆ ಉದ್ಯೋಗದ ಅರ್ಜಿಗಳನ್ನು ಅಳೆಯಲು ಒಂದು ತಂತ್ರಾಂಶ ರೂಪಿಸಿತ್ತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ ಅದು ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಪರಿಣಾಮವಾಗಿ, ಅರ್ಜಿಯಲ್ಲಿ ‘ಮಹಿಳೆಯರ’ ಎಂಬ ಶಬ್ದ ಕಂಡರೆ ಅದು ಅಂಕ ಕಡಿಮೆ ಮಾಡತೊಡಗಿತು. ಸಂಸ್ಥೆ ಆ ಯೋಜನೆಯನ್ನೇ ಕೈಬಿಟ್ಟದ್ದು 2018ರಲ್ಲಿ ಸುದ್ದಿಯಾಯಿತು. ಅದೇ ವರ್ಷ ಜಾಯ್ ಬುಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು ಮೂರು ಕಂಪನಿಗಳ ಮುಖ ನೋಡುವ ತಂತ್ರಾಂಶಗಳನ್ನು ಪರೀಕ್ಷಿಸಿದರು. ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವುದರಲ್ಲಿ ಬಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇಕಡಾ 0.8. ಕಪ್ಪುಬಣ್ಣದ ಹೆಂಗಸರ ವಿಷಯದಲ್ಲಿ ಅದು ಶೇಕಡಾ 34.7ರವರೆಗೂ ಹೋಗಿತ್ತು. ಯಂತ್ರಕ್ಕೆ ದ್ವೇಷವಿಲ್ಲ. ಆದರೆ ಯಾರ ಉದಾಹರಣೆಗಳು ಕಡಿಮೆ ಇವೆಯೋ ಅವರಿಗೆ ಅನ್ಯಾಯವಾಗುತ್ತದೆ. ಸಣ್ಣ ಸಮುದಾಯಗಳೂ ಸಣ್ಣ ಭಾಷೆಗಳೂ ಎಚ್ಚರ ವಹಿಸಬೇಕಾದ ಜಾಗ ಇದು.

ಹೊಸದನ್ನು ಬರೆಯುವ ಯಂತ್ರ

ಈಗ ನಿಮ್ಮೆಲ್ಲರ ಮೊಬೈಲಿನಲ್ಲಿರುವ ಬಗೆಗೆ ಬರೋಣ. ನಾನು ‘ಕೈ ಕೆಸರಾದರೆ’ ಎಂದರೆ ನೀವೆಲ್ಲ ಏನು ಹೇಳುತ್ತೀರಿ? ‘ಬಾಯಿ ಮೊಸರು’. ಯಾರೂ ಯೋಚಿಸಲಿಲ್ಲ. ಕೇಳಿ ಕೇಳಿ ಅಭ್ಯಾಸವಾಗಿದೆ. ಚಾಟ್‌ಜಿಪಿಟಿಯಂಥ ಭಾಷಾ ಯಂತ್ರಗಳ ಅಡಿಪಾಯ ಇದೇ. ಅಪಾರ ಪ್ರಮಾಣದ ಬರಹವನ್ನು ಓದಿಸಿ, ಮುಂದಿನ ಶಬ್ದದ ತುಂಡು ಯಾವುದಿರಬಹುದು ಎಂದು ಊಹಿಸಲು ಅದಕ್ಕೆ ಕಲಿಸಿರುತ್ತಾರೆ. ನಂತರ ಮನುಷ್ಯರು ಅದರ ಉತ್ತರಗಳನ್ನು ನೋಡಿ ‘ಇದು ಚೆನ್ನಾಗಿದೆ, ಇದು ಬೇಡ’ ಎಂದು ತಿದ್ದಿರುತ್ತಾರೆ. 2017ರಲ್ಲಿ ಗೂಗಲ್ ಸಂಸ್ಥೆಯ ಎಂಟು ಮಂದಿ ಪ್ರಕಟಿಸಿದ ‘ಟ್ರಾನ್ಸ್‌ಫಾರ್ಮರ್’ ಎಂಬ ವಿನ್ಯಾಸ ಇದಕ್ಕೆ ದಾರಿ ಮಾಡಿಕೊಟ್ಟಿತು. ಆ ಎಂಟು ಮಂದಿಯಲ್ಲಿ ಆಶಿಶ್ ವಾಸ್ವಾನಿ ಮತ್ತು ನಿಕಿ ಪಾರ್ಮರ್ ಭಾರತೀಯ ಮೂಲದವರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂತು.

ಇದರ ಶಕ್ತಿ ದೊಡ್ಡದು. ಪಾಠ ವಿವರಿಸುತ್ತದೆ, ಅನುವಾದ ಮಾಡುತ್ತದೆ, ಲೆಕ್ಕ ಬಿಡಿಸುತ್ತದೆ. ಆದರೆ ನಿರರ್ಗಳವಾಗಿ ಮಾತನಾಡುವುದೇ ಬೇರೆ, ಸತ್ಯ ಹೇಳುವುದೇ ಬೇರೆ. 1966ರಲ್ಲಿ ಜೋಸೆಫ್ ವೈಝೆನ್‌ಬಾಮ್ ಅವರು ‘ಎಲೈಝಾ’ ಎಂಬ ಪುಟ್ಟ ತಂತ್ರಾಂಶ ಮಾಡಿದ್ದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಕೆಲಸ. ಆದರೂ ಜನ ಅದರ ಮುಂದೆ ತಮ್ಮ ಮನಸ್ಸು ಬಿಚ್ಚತೊಡಗಿದ್ದನ್ನು ಕಂಡು ಅವರು ಗಾಬರಿಗೊಂಡರು. ಅಷ್ಟು ಸಣ್ಣ ಯಂತ್ರವನ್ನೇ ಜನ ನಂಬಿದರೆಂದ ಮೇಲೆ, ಇಂದಿನದನ್ನು ನಂಬುವುದರಲ್ಲಿ ಆಶ್ಚರ್ಯವಿಲ್ಲ.

2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಬರಹದಲ್ಲಿ ಹಳೆಯ ಮೊಕದ್ದಮೆಗಳನ್ನು ಉದಾಹರಿಸಿದ್ದರು. ಅಂಥ ಮೊಕದ್ದಮೆಗಳೇ ನಡೆದಿರಲಿಲ್ಲ. ಎಲ್ಲವನ್ನೂ ಚಾಟ್‌ಜಿಪಿಟಿ ಕಟ್ಟಿ ಹೇಳಿತ್ತು. ‘ಇವು ನಿಜವೇ?’ ಎಂದು ಅದನ್ನೇ ಕೇಳಿದಾಗ ‘ನಿಜ’ ಎಂದಿತ್ತು. ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು. ದಂಡ ಬಿದ್ದದ್ದು ವಕೀಲರಿಗೆ, ಯಂತ್ರಕ್ಕಲ್ಲ. ಇದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಿಮ್ಮ ಉತ್ತರ ಪತ್ರಿಕೆಯ ಮೇಲೆ ಇರುವುದು ನಿಮ್ಮ ಹೆಸರು.

ಕನ್ನಡ ಮತ್ತು ನಮ್ಮ ಮನೆಮಾತುಗಳು

2021ರ ಜೂನ್ ತಿಂಗಳಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಎಂಬ ಪ್ರಶ್ನೆಗೆ ಗೂಗಲ್ ಶೋಧದಲ್ಲಿ ಕನ್ನಡ ಎಂಬ ಉತ್ತರ ಬಂತು. ನಾಡೆಲ್ಲ ಸಿಟ್ಟಿಗೆದ್ದಿತು. ಸಂಸ್ಥೆ ಕ್ಷಮೆ ಕೇಳಿ ಅದನ್ನು ತೆಗೆದುಹಾಕಿತು. ಆ ಯಂತ್ರ ಕನ್ನಡವನ್ನು ಓದಿ ತೀರ್ಪು ಕೊಟ್ಟಿರಲಿಲ್ಲ. ಯಾವುದೋ ಮೂಲೆಯ ಒಂದು ಪುಟದಲ್ಲಿದ್ದ ವಾಕ್ಯವನ್ನು ಎತ್ತಿ ಉತ್ತರದ ಜಾಗದಲ್ಲಿ ಇಟ್ಟಿತ್ತು. ಯಾರೋ ಒಬ್ಬರು ಬರೆದದ್ದು ಎಲ್ಲರ ಉತ್ತರವಾಗುವುದು ಹೀಗೆ.

2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯಾಗಿರುವವರು 4 ಕೋಟಿ 37 ಲಕ್ಷ. ಆದರೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿರುವ ಲೇಖನಗಳು ಮೂವತ್ತು ಸಾವಿರದ ಆಸುಪಾಸು. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಹೆಚ್ಚು. ಓದಿದ್ದು ಕಡಿಮೆಯಾದಾಗ ಯಂತ್ರದ ಕನ್ನಡವೂ ಇಂಗ್ಲಿಷಿನ ನೆರಳಿನಂತಿರುತ್ತದೆ, ನಮ್ಮ ಊರು, ನಮ್ಮ ಹಿರಿಯರು, ನಮ್ಮ ಅಡಿಗೆ, ನಮ್ಮ ಗಾದೆಗಳ ವಿಷಯದಲ್ಲಿ ಅದು ಹೆಚ್ಚು ತಪ್ಪುತ್ತದೆ. ಕನ್ನಡದ ಗತಿಯೇ ಹೀಗಾದರೆ ಬ್ಯಾರಿ, ನವಾಯತಿ, ದಖನಿ, ತುಳು, ಕೊಡವ ಭಾಷೆಗಳ ಪಾಡು ಏನು?

ಸರಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆ, ಮದರಾಸಿನ ಐಐಟಿಯಲ್ಲಿರುವ ‘ಎಐ ಫಾರ್ ಭಾರತ್’ ತಂಡ ಭಾರತೀಯ ಭಾಷೆಗಳ ಬರಹ ಮತ್ತು ಧ್ವನಿಯನ್ನು ಸಂಗ್ರಹಿಸುವ ಕೆಲಸ ಮಾಡುತ್ತಿವೆ. ಸಂಘ ಸಂಸ್ಥೆಗಳೂ ಕೈಜೋಡಿಸಬಹುದು. ಅನೇಕ ಸಂಸ್ಥೆಗಳ ಹಳೆಯ ವಾರ್ಷಿಕ ಸಂಚಿಕೆಗಳು ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿವೆ. ಗಣಕದಲ್ಲಿ ಇರುವವೂ ಯೂನಿಕೋಡ್ ಬರುವ ಮುಂಚಿನ ಅಕ್ಷರಗಳಲ್ಲಿವೆ. ಅವನ್ನು ಯಂತ್ರಗಳು ಸುಲಭವಾಗಿ ಕನ್ನಡವೆಂದು ಗುರುತಿಸುವುದಿಲ್ಲ. ಅವನ್ನು ಯೂನಿಕೋಡಿಗೆ ತರುವುದು, ಅಜ್ಜಿಯರು ಹೇಳುವ ಗಾದೆ ಮತ್ತು ಕಥೆಗಳನ್ನು ಬರೆದಿಡುವುದು, ನಮ್ಮ ಊರಿನ ಬಗ್ಗೆ ಒಂದು ಸರಿಯಾದ ವಿಕಿಪೀಡಿಯ ಲೇಖನ ಬರೆಯುವುದು, ಇವೆಲ್ಲ ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ಮಾಡಬಹುದಾದ ಕೆಲಸಗಳು. ನಾವು ಬರೆಯದಿದ್ದರೆ ನಮ್ಮ ಬಗ್ಗೆ ಬೇರೆಯವರು ಬರೆದದ್ದೇ ಯಂತ್ರದ ಉತ್ತರವಾಗುತ್ತದೆ.

ವಿದ್ಯಾರ್ಥಿಗಳಿಗೆ ಕೆಲವು ಮಾತು

ಮೊದಲನೆಯದಾಗಿ, ಯಂತ್ರದಿಂದ ಉತ್ತರ ಬರೆಸಿಕೊಳ್ಳಬೇಡಿ. ಉತ್ತರವನ್ನು ಮೊದಲು ನೀವೇ ಬರೆಯಿರಿ, ನಂತರ ‘ಇದರಲ್ಲಿ ಏನು ತಪ್ಪಿದೆ?’ ಎಂದು ಕೇಳಿ. ಅದು ತೋರಿಸಿದ ತಪ್ಪು ನಿಜವಾಗಿಯೂ ತಪ್ಪೇ ಎಂದು ಪಠ್ಯಪುಸ್ತಕದಲ್ಲಿ ನೋಡಿ. ಇಷ್ಟು ಮಾಡಿದರೆ ಅದು ನಿಮಗೆ ಮನೆಪಾಠದ ಮೇಷ್ಟರಾಗುತ್ತದೆ. ಇಲ್ಲದಿದ್ದರೆ ಬೇರೆಯವರು ವ್ಯಾಯಾಮ ಮಾಡಿ ನಿಮ್ಮ ಮೈ ಗಟ್ಟಿಯಾಗಲಿ ಎಂದು ಬಯಸಿದ ಹಾಗೆ.

ಎರಡನೆಯದಾಗಿ, ಈ ಕ್ಷೇತ್ರಕ್ಕೆ ಹೋಗಬಯಸುವವರು ಗಣಿತಕ್ಕೆ ಹೆದರಬೇಡಿ. ದ್ವಿತೀಯ ಪಿಯುಸಿಯಲ್ಲಿ ಬರುವ ಮಾತೃಕೆಗಳು, ಅವಕಲನ ಮತ್ತು ಸಂಭವನೀಯತೆ, ಈ ಮೂರು ಪಾಠಗಳೇ ನರಜಾಲದ ಬುನಾದಿ. ‘ಇದು ಮುಂದೆ ಯಾವ ಉಪಯೋಗಕ್ಕೆ?’ ಎಂದು ಕೇಳುತ್ತಿದ್ದವರಿಗೆ ಉತ್ತರ ಇಲ್ಲಿದೆ. ಐಐಟಿಗಳ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್ ಮೂಲಕ ಉಚಿತವಾಗಿ ಸಿಗುತ್ತವೆ. ದೊಡ್ಡ ಶುಲ್ಕದ ತರಬೇತಿಗೆ ಸಾಲ ಮಾಡುವ ಮೊದಲು ಅವನ್ನು ನೋಡಿ.

ಮೂರನೆಯದಾಗಿ, ಇದು ಎಂಜಿನಿಯರುಗಳ ವಿಷಯ ಮಾತ್ರವಲ್ಲ. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಒಂದು ಪಾಲು ಪ್ರೋಟೀನುಗಳ ಆಕಾರವನ್ನು ಊಹಿಸುವ ‘ಆಲ್ಫಾಫೋಲ್ಡ್’ ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಹೋಯಿತು. ಜೀವಶಾಸ್ತ್ರ ಓದುವವರಿಗೂ, ಕಾನೂನು ಓದುವವರಿಗೂ, ಕನ್ನಡ ಎಂ.ಎ. ಮಾಡುವವರಿಗೂ ಇಲ್ಲಿ ಕೆಲಸವಿದೆ.

ಹೆತ್ತವರಿಗೂ ಒಂದು ಮಾತು. ಹೊಸದನ್ನು ರಚಿಸುವ ಯಂತ್ರಗಳು ಧ್ವನಿಯನ್ನೂ ಅನುಕರಿಸಬಲ್ಲವು. ಗಲ್ಫಿನಲ್ಲಿರುವ ಮಗನ ಧ್ವನಿಯಲ್ಲೇ ತುರ್ತಾಗಿ ಹಣ ಬೇಕೆಂಬ ಕರೆ ಬಂದರೂ, ಫೋನು ಇಟ್ಟು ನಿಮಗೆ ಗೊತ್ತಿರುವ ಅವನ ಸಂಖ್ಯೆಗೆ ನೀವೇ ಕರೆ ಮಾಡಿ ಕೇಳಿ. ನಂತರ ಮುಂದಿನ ಯೋಚನೆ.

ಸಭಿಕರೇ, ನಿಯಮದ ಯಂತ್ರ ಎದುರಾದರೆ ‘ನಿಯಮ ಬರೆದವರು ಯಾರು?’ ಎಂದು ಕೇಳಿ. ಉದಾಹರಣೆಯ ಯಂತ್ರವಾದರೆ ‘ಯಾರ ಉದಾಹರಣೆಗಳು? ನಮ್ಮವು ಇವೆಯೇ?’ ಎಂದು ಕೇಳಿ. ಬರೆಯುವ ಯಂತ್ರವಾದರೆ ‘ಇದು ನಿಜವೆಂದು ಬೇರೆಲ್ಲಿ ನೋಡಲಿ?’ ಎಂದು ಕೇಳಿ. ಹೀಗೆ ಕೇಳಬಲ್ಲ ವಿದ್ಯಾರ್ಥಿ ಯಂತ್ರಕ್ಕೆ ಹೆದರಬೇಕಾಗಿಲ್ಲ, ಅದರ ಆಳೂ ಆಗಬೇಕಾಗಿಲ್ಲ. ಕೇಳುವುದಕ್ಕೆ ಓದು ಬೇಕು, ಓದುವುದಕ್ಕೆ ತಾಳ್ಮೆ ಬೇಕು. ಅವೆರಡನ್ನೂ ಬೆಳೆಸುವ ಕೆಲಸ ಈ ಸಂಘದಿಂದ ನಡೆಯುತ್ತಾ ಬಂದಿದೆ, ಮುಂದೆಯೂ ನಡೆಯಲಿ ಎಂದು ಹಾರೈಸುತ್ತೇನೆ.